ಇಲ್ಲಿ ಶ್ರುತಿ ಹುಡುಗಿಯಲ್ಲ

ಬಳೇಪೇಟೆಯ ಓಣಿಯಲ್ಲಿ, ಬ್ಯಾಂಡ್‌ಸೆಟ್ಟಿನವರ ಮಗ್ಗುಲ
ಮೆಟ್ಟಿಲು ಹತ್ತಿದರೆ ಬಾಬಾಜಾನರ ಅಂಗಡಿ.
ಹಾರ್ಮೋನಿಯಂ ರಿಪೇರಿ.
ಅಳಿಯ ಮಾಡಿಸಿಕೊಟ್ಟ ವೆಬ್‌ಸೈಟು ಎರಡು ವರ್ಷದಿಂದ ಇದೆ,
ಯಾರ ಕೈಗೂ ಸಿಕ್ಕಿಲ್ಲ.

ಸಿಕ್ಕಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.
‘ಇಲ್ಲಿ ಶ್ರುತಿ ಸರಿಮಾಡಿ ಕೊಡಲಾಗುತ್ತದೆ’ ಎಂದಿತ್ತು.
ಹುಡುಕುವ ಯಂತ್ರ ಶ್ರುತಿಯನ್ನು ಹುಡುಗಿ ಅಂದುಕೊಂಡಿತು;
ರಾಜಾಜಿನಗರದಿಂದ ಒಬ್ಬ ತಂದೆ ಫೋನು ಮಾಡಿ
ಮಾತು ಕೇಳದ ಮಗಳಿಗೆ ಬುದ್ಧಿ ಹೇಳ್ತೀರಾ ಎಂದ.
‘ಮನೆ ಬದಲಿಸುತ್ತೇವೆ’ ಅಂದದ್ದಕ್ಕೆ
ಲಾರಿ ಬಾಡಿಗೆ ಎಷ್ಟು ಎಂದು ನಾಲ್ಕು ಜನ.
‘ಕರಿ ಎರಡು, ಬಿಳಿ ನಾಲ್ಕು’ ಊಟದ ಹೋಟೆಲುಗಳ ಸಾಲಿನಲ್ಲಿ,
ಕೆಳಗೆಲ್ಲೋ, ಎಲೆ ಹಾಕಿಸಿಕೊಂಡು ಕೂತಿತ್ತು.

ಯಂತ್ರದ ತಪ್ಪಲ್ಲ. ಅದು ಓದುತ್ತದೆ, ಮೆಟ್ಟಿಲು ಹತ್ತುವುದಿಲ್ಲ.
ಪದದ ಬೆನ್ನಿಗೆ ಚೀಟಿ ಅಂಟಿಸಬೇಕು:
ಇದು ಹೆಸರು, ಇದು ವೇಳೆ, ಇದು ಕಸುಬು.
ಸ್ಕೀಮಾ ಅನ್ನುತ್ತಾರೆ. ನನ್ನ ಹೊಟ್ಟೆಪಾಡು ಅದು.
ಜನರ ಕಣ್ಣಿಗೆ ಬೀಳದ ಹಾಗೆ, ಪುಟದ ಒಳಗೆ,
ಚಿಕ್ಕಪೇಟೆಯವರು ಸೀರೆಯ ಮಡಿಕೆಯಲ್ಲಿ
ತಮ್ಮಷ್ಟಕ್ಕೆ ಬರೆದಿಟ್ಟುಕೊಳ್ಳುವ ಚೀಟಿಯಂತೆ.

ಮಂಗಳವಾರ ಮಧ್ಯಾಹ್ನ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಕೂತೆ.

ಹೆಸರು?
ಬೋರ್ಡಿನಲ್ಲಿ ಶ್ಯಾಮಣ್ಣಾಚಾರ್ ಅಂಡ್ ಸನ್ಸ್.
ಆಚಾರ್ಯರು ಹೋಗಿ ಮೂವತ್ತೊಂದು ವರ್ಷ.
ಸನ್ಸು ಯಾರೂ ಇರಲೇ ಇಲ್ಲ.
‘ನಾನೇ ಆ ಸನ್ಸು’ ಅಂದರು, ರೀಡಿನ ಧೂಳು ಊದುತ್ತ.
ಮ್ಯಾಪಿನಲ್ಲಿ ಒಂದೇ ಮೆಟ್ಟಿಲಿಗೆ ಎರಡು ಅಂಗಡಿ ತೋರಿಸುತ್ತಿತ್ತು,
ಒಂದು ತೀರಿಕೊಂಡವರದು, ಒಂದು ಇವರದು.
ಇಂಥದ್ದಕ್ಕೆ ನಮ್ಮಲ್ಲೊಂದು ಗುರುತಿದೆ: ಇದೂ ಅದೂ ಒಂದೇ.
ಹಾಕಿದೆ.
ಅಷ್ಟು ಸಲೀಸಾಗಿ ಆ ಮಾತು ಯಾರೂ ಆಡಿದ್ದು
ಈ ಊರಿನಲ್ಲಿ ನಾನು ಕೇಳಿಲ್ಲ.

ವೇಳೆ?
ಹತ್ತರಿಂದ ಎಂಟು. ಶುಕ್ರವಾರ ಒಂದರಿಂದ ಎರಡೂವರೆ ಮುಚ್ಚು.
ಬರೆದೆ, ಅದಕ್ಕೆ ಜಾಗವಿದೆ.
‘ಕೆಳಗೆ ಬ್ಯಾಂಡಿನವರು ಪ್ರಾಕ್ಟೀಸು ಹೊಡೆಯುವಾಗ
ತೆಗೆದಿದ್ದೂ ಮುಚ್ಚಿದ ಹಾಗೇನೇ, ಬರ್ಕೋ.’
ಅದಕ್ಕೆ ಜಾಗವಿಲ್ಲ.

ದರ?
‘ಭಜನೆಯವರಿಗೆ ಒಂದು, ಸಿನಿಮಾದವರಿಗೆ ಒಂದು.
ಹರಿಕಥೆಯ ಅಂಬುಜಮ್ಮನಿಗೆ ಏನಿಲ್ಲ, ಕೋಡುಬಳೆ ತರ್ತಾರೆ.’
ಒಂದು ರೂಪಾಯಿ ಚಿಹ್ನೆ ಹಾಕಿ ಸುಮ್ಮನಾದೆ.

ಸಂಜೆ ಪರೀಕ್ಷೆಗೆ ಒಡ್ಡಿದರೆ ಪೂರ್ತಿ ಕೆಂಪು.
ನೂರಾ ಹನ್ನೆರಡು ಸಾಲು ಮೇಲೆ ಕೆಳಗೆ ಜಾಲಾಡಿದೆ, ಚಹಾ ಆರಿತು.
ಕೊನೆಗೆ ಸಿಕ್ಕಿದ್ದು ಒಂದು ಅಲ್ಪವಿರಾಮ,
ಇರಬಾರದ ಕಡೆ.
ಇಷ್ಟಕ್ಕೆಲ್ಲ ಮಾತೇ ನಿಲ್ಲಿಸುತ್ತಾ ನಿನ್ನ ಯಂತ್ರ, ಅಂದರು ಬಾಬಾಜಾನ್,
ಆಮೇಲೆ ತಾವೇ ನಕ್ಕರು. ಅಂಗೈ ಮೇಲೆ
ಯಾವುದೋ ಹುಳದ ಅರ್ಧ ರೆಕ್ಕೆ;
ಮೂರು ತಿಂಗಳಿಂದ ಮಲ್ಲೇಶ್ವರದ ಪೆಟ್ಟಿಗೆಯಲ್ಲಿ
ಪಂಚಮದ ಬಾಯಿ ಕಟ್ಟಿದ್ದು ಅದು.

ಹೊರಡುವಾಗ ನೋಡಿದೆ.
ಪೆಟ್ಟಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಒಂದೊಂದೇ ಮನೆ ಒತ್ತುತ್ತಿದ್ದರು.
ಎಡಗಿವಿ ಹೋಗಿ ಆರು ವರ್ಷ, ಬಲಗಿವಿ ಹೊರಟು ನಿಂತಿದೆ,
ಸ್ವರ ಈಗ ತಲೆಬುರುಡೆಯಿಂದ.
ಪುಟದ ಮೇಲೆ ಕಾಣದ್ದನ್ನು ಗುರುತಿನಲ್ಲಿ ಹೇಳಬಾರದು,
ನಮ್ಮ ಕೆಲಸದ ನಿಯಮ.
‘ಹಾಗಾದರೆ ಪುಟದ ಮೇಲೇ ಹಾಕೋಣವಾ ಇದನ್ನ?’ ಎಂದೆ.
ಅವರಿಗೆ ಕೇಳಿಸಲಿಲ್ಲ.
ಅಥವಾ ಕೇಳಿಸಿತು.

ಮೂರು ವಾರ ಕಳೆದು ಬಾಕಿ ದುಡ್ಡಿಗೆ ಹೋದಾಗ ಫೋನು.
ಕೆಂಗೇರಿಯಿಂದ ಯಾರೋ ಹೆಂಗಸು:
ಕರಿ ಒಂದಕ್ಕೆ ಶ್ರುತಿ ಮಾಡಿಸಬೇಕು,
ಎಂಟರವರೆಗೆ ತೆಗೆದಿರುತ್ತೆ ಅಂತ ತೋರಿಸ್ತಿದೆ, ನಿಜವಾ?
ಬಾಬಾಜಾನರು ಫೋನನ್ನು ಕಿವಿಗಲ್ಲ, ದವಡೆಗೆ ಒತ್ತಿಕೊಂಡು
ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು:
‘ಬನ್ನಿ ಬನ್ನಿ, ಇವತ್ತು ನಿಜವಾಗ್ಲೂ ತೆಗೆದಿದೆ.
ಬ್ಯಾಂಡಿನವರು ಮದುವೆಗೆ ಹೋಗಿದ್ದಾರೆ!’